ದಕ್ಷಿಣ ಎಟ್ರೂರಿಯದ ನೆಲವೂ ಜಾನ್ ವಾರ್ಡ್-ಪರ್ಕಿನ್ಸರ ಸಂಶೋಧನೆಯೂ

ರೋಮ್ ಸಾಮ್ರಾಜ್ಯದ ಅವನತಿಯನ್ನು ಕುರಿತು ಬರೆದವರು ಅನೇಕರು. ಚಕ್ರವರ್ತಿಗಳ ಪದಚ್ಯುತಿ, ಪರಕೀಯರ ದಂಡಯಾತ್ರೆ, ರಾಜಧಾನಿಯ ಮುತ್ತಿಗೆ, ಧರ್ಮಪೀಠದ ವಿವಾದಗಳು—ಇವೆಲ್ಲಕ್ಕೂ ಲಿಖಿತವಾದ ಆಧಾರಗಳುಂಟು. ಆದರೆ ಆ ಮಹಾನಗರದ ಕೋಟೆಯ ಬಾಗಿಲಿನಿಂದ ಹೊರಟು ಒಂದು ಹಗಲಿನ ದಾರಿ ನಡೆದರೆ ಸಿಕ್ಕುವ ಹಳ್ಳಿಗಾಡಿನಲ್ಲಿ ಅದೇ ಕಾಲಕ್ಕೆ ಏನು ನಡೆಯಿತು? ಅಲ್ಲಿಯ ಒಕ್ಕಲುಗಳು ಯಾವಾಗ ಹೊಲಮನೆಗಳನ್ನು ಬಿಟ್ಟರು, ಬಿಟ್ಟು ಎಲ್ಲಿಗೆ ಹೋದರು, ತಿರುಗಿ ಯಾವಾಗ ಬಂದರು? ಈ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರವು ದೊರೆಯುವುದು ವಿರಳ. ಬರೆಯಬಲ್ಲವರು ನಗರದಲ್ಲಿದ್ದರು, ಹಳ್ಳಿಯವರನ್ನು ಕುರಿತು ಬರೆಯುವ ಅಗತ್ಯವು ಅವರಿಗೆ ಕಾಣಲಿಲ್ಲ.

ಆದುದರಿಂದ ಇಂಥ ಪ್ರಶ್ನೆಗಳಿಗೆ ಉತ್ತರವನ್ನು ನೆಲದಲ್ಲಿಯೇ ಹುಡುಕಬೇಕಾಗುತ್ತದೆ. ಒಂದು ದೇವಾಲಯವನ್ನೋ ಒಂದು ಗೋರಿಯನ್ನೋ ಆರಿಸಿಕೊಂಡು ಅಗೆಯುವುದು ಪುರಾತತ್ತ್ವಶಾಸ್ತ್ರದ ಹಳೆಯ ಕ್ರಮ. ಇಡಿಯ ಒಂದು ಸೀಮೆಯನ್ನೇ ಒಂದು ಗ್ರಂಥವೆಂದು ಭಾವಿಸಿ, ಅಲ್ಲಿಯ ಹಾದಿ, ಹೊಲ, ಕಾಲುವೆ, ಮನೆ, ಕೋಟೆ, ಸಮಾಧಿಗಳನ್ನು ಒಂದಕ್ಕೊಂದು ಸಂಬಂಧಪಡಿಸಿ, ಕಲ್ಲು ನೀರು ಮಣ್ಣುಗಳ ಸ್ವಭಾವದೊಡನೆ ಹೋಲಿಸಿ, ಕಾಲಕಾಲಕ್ಕೆ ಮನುಷ್ಯವಸತಿಯು ಹೇಗೆ ಮಾರ್ಪಟ್ಟಿತೆಂಬುದನ್ನು ಕಂಡುಕೊಳ್ಳುವುದು ಇಪ್ಪತ್ತನೆಯ ಶತಮಾನದಲ್ಲಿ ಬೆಳೆದ ಕ್ರಮ. ಇದನ್ನು ಭೂದೃಶ್ಯ ಪುರಾತತ್ತ್ವವೆನ್ನಬಹುದು. ರೋಮನ್ ಕಾಲಕ್ಕೂ ಮಧ್ಯಯುಗದ ಆರಂಭಕಾಲಕ್ಕೂ ಸಂಬಂಧಿಸಿದಂತೆ ಈ ಕ್ರಮದ ಬಲವನ್ನೂ ಮಿತಿಯನ್ನೂ ತಿಳಿಯಬಯಸುವವರಿಗೆ ಜಾನ್ ಬ್ರಯನ್ ವಾರ್ಡ್-ಪರ್ಕಿನ್ಸರು ರೋಮಿನ ಉತ್ತರಕ್ಕೆ ನಡೆಸಿದ ಪರಿಶೋಧನೆಗಿಂತ ಒಳ್ಳೆಯ ನಿದರ್ಶನವು ಸಿಕ್ಕಲಾರದು. ಅವರ ತೀರ್ಮಾನಗಳಲ್ಲಿ ಕೆಲವು ನಿಂತುವು, ಕೆಲವು ಬಿದ್ದುವು. ಬಿದ್ದುದು ಹೇಗೆಂಬುದು ನಿಂತುದಕ್ಕಿಂತಲೂ ಹೆಚ್ಚು ಬೋಧಪ್ರದವಾಗಿದೆ.

೧

ವಾರ್ಡ್-ಪರ್ಕಿನ್ಸರು ೧೯೧೨ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದ ಬ್ರೋಮ್ಲಿಯಲ್ಲಿ ಹುಟ್ಟಿದರು. ಅವರ ತಂದೆ ಇಂಡಿಯದ ಆಡಳಿತ ಸೇವೆಯಲ್ಲಿದ್ದವರು. ವಿಂಚೆಸ್ಟರಿನಲ್ಲಿಯೂ ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿಯೂ ವಿದ್ಯಾಭ್ಯಾಸವನ್ನು ಮುಗಿಸಿಕೊಂಡು, ೧೯೩೬ರಿಂದ ೧೯೩೯ರ ವರೆಗೆ ಲಂಡನ್ ವಸ್ತುಸಂಗ್ರಹಾಲಯದಲ್ಲಿ ಮಾರ್ಟಿಮರ್ ವೀಲರರ ಕೈಕೆಳಗೆ ಕೆಲಸ ಮಾಡಿದರು. ಆ ಸಂಗ್ರಹಾಲಯದ ಮಧ್ಯಯುಗದ ವಸ್ತುಗಳಿಗೆ ಅವರು ರಚಿಸಿದ ಪಟ್ಟಿಯು ೧೯೪೦ರಲ್ಲಿ ಪ್ರಕಟವಾಯಿತು. ಮಡಕೆ, ಕತ್ತಿ, ಲಾಳ, ಬೀಗದ ಕೈ ಮೊದಲಾದ ದಿನಬಳಕೆಯ ವಸ್ತುಗಳನ್ನು ಆಕಾರಭೇದದಿಂದ ಕಾಲಾನುಕ್ರಮವಾಗಿ ಜೋಡಿಸುವ ಈ ಅಭ್ಯಾಸವು ಅವರಿಗೆ ಮುಂದೆ ಬಹಳ ಉಪಯೋಗಕ್ಕೆ ಬಂದಿತು.

೧೯೩೯ರಲ್ಲಿ ಮಾಲ್ಟದ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದ ಕೆಲವೇ ದಿನಗಳಲ್ಲಿ ಯುದ್ಧವು ಬಂದುದರಿಂದ ಅವರು ಫಿರಂಗಿ ದಳವನ್ನು ಸೇರಿದರು. ಉತ್ತರ ಆಫ್ರಿಕದ ಟ್ರಿಪೊಲಿಟೇನಿಯವು ಬ್ರಿಟಿಷರ ವಶಕ್ಕೆ ಬಂದಾಗ ಲೆಪ್ಟಿಸ್ ಮಾಗ್ನ, ಸಬ್ರಾತ ಮೊದಲಾದ ರೋಮನ್ ಪಟ್ಟಣಗಳ ಅವಶೇಷಗಳಿಗೆ ಸೈನಿಕರಿಂದ ಹಾನಿಯಾಗದಂತೆ ನೋಡಿಕೊಳ್ಳುವ ಹೊಣೆಯು ಅವರದಾಯಿತು. ಅನಂತರ ಇಟಲಿಯಲ್ಲಿ ಸ್ಮಾರಕಗಳ ಮತ್ತು ಕಲಾಕೃತಿಗಳ ರಕ್ಷಣೆಯ ಕಾರ್ಯದಲ್ಲಿ ನಿಂತರು. ೧೯೪೬ರಲ್ಲಿ ರೋಮಿನ ಬ್ರಿಟಿಷ್ ವಿದ್ಯಾಪೀಠಕ್ಕೆ ನಿರ್ದೇಶಕರಾಗಿ ನೇಮಕವಾಗಿ, ೧೯೭೪ರ ವರೆಗೆ, ಎಂದರೆ ಇಪ್ಪತ್ತೆಂಟು ವರ್ಷಗಳ ಕಾಲ, ಆ ಸ್ಥಾನದಲ್ಲಿದ್ದರು. ೧೯೮೧ರಲ್ಲಿ ತೀರಿಕೊಂಡರು.

ರೋಮನ್ ವಾಸ್ತುಶಿಲ್ಪವನ್ನೂ ಅಮೃತಶಿಲೆಯ ವ್ಯಾಪಾರವನ್ನೂ ಕುರಿತ ಬರೆಹಗಳಿಂದಲೇ ಅವರು ವಿದ್ವಲ್ಲೋಕದಲ್ಲಿ ಹೆಚ್ಚು ಪ್ರಸಿದ್ಧರು. ಜೋಸ್ಲಿನ್ ಟಾಯ್ನ್‌ಬಿಯವರೊಡನೆ ಸೇರಿ ಸಂತ ಪೀಟರನ ಸಮಾಧಿಸ್ಥಾನವನ್ನು ಕುರಿತು ಬರೆದ ಗ್ರಂಥವು ೧೯೫೬ರಲ್ಲಿ ಹೊರಬಂದಿತು. ಆದರೆ ಈ ಭವ್ಯವಾದ ಕಟ್ಟಡಗಳ ನಡುವೆ ಓಡಾಡಿದ ವಿದ್ವಾಂಸರೇ ಉತ್ತ ಹೊಲಗಳಲ್ಲಿ ಬಗ್ಗಿ ನಡೆದು ಒಡೆದ ಮಡಕೆಯ ಚೂರುಗಳನ್ನು ಆಯುವ ಕಾರ್ಯಕ್ಕೂ ಮುಂದಾಳಾದರು. ಅದರ ಕಾರಣವನ್ನು ತಿಳಿಯಬೇಕಾದರೆ ಆ ನೆಲದ ಸ್ಥಿತಿಯನ್ನು ನೋಡಬೇಕು.

೨

ರೋಮಿನ ಉತ್ತರಕ್ಕೆ, ಪೂರ್ವದಲ್ಲಿ ಟೈಬರ್ ನದಿಗೂ ಪಶ್ಚಿಮದಲ್ಲಿ ಸಮುದ್ರಕ್ಕೂ ನಡುವೆ ಇರುವ ಸೀಮೆಯೇ ದಕ್ಷಿಣ ಎಟ್ರೂರಿಯ. ಇದು ಜ್ವಾಲಾಮುಖಿಗಳು ಮಾಡಿದ ನೆಲ. ಆರಿಹೋದ ಬಾಯಿಗಳಲ್ಲಿ ನೀರು ನಿಂತು ಬ್ರಾಚಾನೊ, ವೀಕೊ ಎಂಬ ಸರೋವರಗಳಾಗಿವೆ. ಉಗುಳಿದ ಬೂದಿಯು ಗಟ್ಟಿಯಾಗಿ 'ಟೂಫೊ' ಎಂದು ಇಟಲಿಯವರು ಕರೆಯುವ ಮೃದುವಾದ ಕಲ್ಲಾಗಿದೆ. ಈ ಕಲ್ಲನ್ನು ಹಳ್ಳಗಳು ಸುಲಭವಾಗಿ ಕೊರೆದುಬಿಡುವುದರಿಂದ ಎಲ್ಲೆಲ್ಲಿಯೂ ಕಡಿದಾದ ಕಮರಿಗಳೂ ಅವುಗಳ ನಡುವೆ ನಾಲಗೆಯಂತೆ ಚಾಚಿದ ದಿಣ್ಣೆಗಳೂ ಉಂಟಾಗಿವೆ. ಮೂರು ಕಡೆ ಕಮರಿಯಿರುವ ಇಂಥ ದಿಣ್ಣೆಯ ತುದಿಯು ಪ್ರಕೃತಿಯೇ ಕಟ್ಟಿಕೊಟ್ಟ ಕೋಟೆ. ಕತ್ತರಿಸುವುದಕ್ಕೆ ಸುಲಭವಾದ ಕಲ್ಲು, ಫಲವತ್ತಾದ ಮಣ್ಣು, ಕಾಪಾಡಿಕೊಳ್ಳುವುದಕ್ಕೆ ಅನುಕೂಲವಾದ ನೆಲೆ: ಈ ಮೂರನ್ನು ಮನಸ್ಸಿನಲ್ಲಿಟ್ಟುಕೊಂಡರೆ ಆ ಸೀಮೆಯ ಇತಿಹಾಸವು ಅರ್ಧ ತಿಳಿದಂತೆ.

ಈ ನೆಲವನ್ನು ಕಾಲ್ನಡೆಯಿಂದ ಅಳೆದವರಲ್ಲಿ ವಾರ್ಡ್-ಪರ್ಕಿನ್ಸರು ಮೊದಲಿಗರಲ್ಲ. ೧೯೦೧ರಲ್ಲಿ ಬ್ರಿಟಿಷ್ ವಿದ್ಯಾಪೀಠವು ಸ್ಥಾಪಿತವಾದಾಗ ಅದರ ಮೊದಲನೆಯ ವಿದ್ಯಾರ್ಥಿಯೂ ೧೯೦೬ರಿಂದ ೧೯೨೫ರ ವರೆಗೆ ನಿರ್ದೇಶಕರೂ ಆಗಿದ್ದ ತಾಮಸ್ ಆಶ್ಬಿಯವರು ರೋಮಿನ ಸುತ್ತಣ ಬಯಲನ್ನೆಲ್ಲ ನಡೆದು, ಹಳೆಯ ಹೆದ್ದಾರಿಗಳನ್ನೂ ಅವುಗಳ ಬದಿಯ ಅವಶೇಷಗಳನ್ನೂ ವರ್ಣಿಸಿ, ಛಾಯಾಚಿತ್ರಗಳನ್ನು ತೆಗೆದು ಪ್ರಕಟಿಸಿದ್ದರು. ಅವರ ಗ್ರಂಥವು ೧೯೨೭ರಲ್ಲಿ ಬಂದಿತು. ಆದರೆ ಆಶ್ಬಿಯವರ ಲಕ್ಷ್ಯವು ನೆಲದ ಮೇಲೆ ನಿಂತಿರುವ ಗೋಡೆ, ಸೇತುವೆ, ನಾಲೆ, ಕಲ್ಲುಹಾಸುಗಳ ಕಡೆಗೆ ಇತ್ತು. ಗೋಡೆಯಿಲ್ಲದ ಬಡವನ ಮನೆ ಈ ಕ್ರಮದಲ್ಲಿ ಕಾಣುವಂತಿರಲಿಲ್ಲ. ಅದು ಮಣ್ಣಿನೊಳಗೆ ಇತ್ತು.

ಅದನ್ನು ಹೊರಕ್ಕೆ ತಂದುದು ನೇಗಿಲು. ೧೯೫೦ರಲ್ಲಿ ಇಟಲಿಯ ಸರ್ಕಾರವು ಭೂಸುಧಾರಣೆಯ ಶಾಸನವನ್ನು ಮಾಡಿ ದೊಡ್ಡ ಜಮೀನುಗಳನ್ನು ಒಡೆದು ರೈತರಿಗೆ ಹಂಚತೊಡಗಿತು. ಶತಮಾನಗಳಿಂದ ಕುರಿಗಳು ಮೇಯುತ್ತಿದ್ದ ಹುಲ್ಲುಗಾವಲುಗಳೂ ಕುರುಚಲು ಕಾಡುಗಳೂ ಸಾಗುವಳಿಗೆ ಬಂದುವು. ಎತ್ತುಗಳು ಎಳೆಯುತ್ತಿದ್ದ ಹಗುರವಾದ ನೇಗಿಲಿನ ಬದಲು ಯಂತ್ರದ ನೇಗಿಲು ಮಣ್ಣನ್ನು ಆಳಕ್ಕೆ ಸೀಳಿ ಮಗುಚಿತು. ಮೇಲಣ ಮಣ್ಣಿನ ಕೆಳಗೆ ಎರಡು ಸಾವಿರ ವರ್ಷಗಳಿಂದ ಮಲಗಿದ್ದ ಹೆಂಚಿನ ತುಂಡು, ನೆಲಗಟ್ಟಿನ ಕಲ್ಲು, ಬೋಕಿಗಳೆಲ್ಲ ಒಮ್ಮೆಗೇ ಹೊರಬಿದ್ದುವು. ನೇಗಿಲು ತೋರಿಸಿದುದನ್ನು ನೇಗಿಲೇ ನಾಶಮಾಡುತ್ತಿತ್ತು. ಮೊದಲನೆಯ ಉಳುಮೆಯಲ್ಲಿ ಸ್ಪಷ್ಟವಾಗಿ ಕಾಣುವ ಮನೆಯ ಗುರುತು ಹತ್ತನೆಯ ಉಳುಮೆಯ ಹೊತ್ತಿಗೆ ಚೆದುರಿ ಪುಡಿಯಾಗುತ್ತಿತ್ತು. ಈ ಅವಕಾಶವು ಹಿಂದೆ ಬಂದಿರಲಿಲ್ಲ. ಮುಂದೆ ಬರುವಂತೆಯೂ ಇರಲಿಲ್ಲ. ಇದನ್ನರಿತೇ ವಾರ್ಡ್-ಪರ್ಕಿನ್ಸರು ವಿದ್ಯಾಪೀಠದ ವಿದ್ಯಾರ್ಥಿಗಳನ್ನೂ ರೋಮಿನಲ್ಲಿ ನೆಲಸಿದ್ದ ಆಸಕ್ತರನ್ನೂ ಕೂಡಿಸಿಕೊಂಡು ಹೊಲಗಳಿಗೆ ನಡೆದರು.

೩

ಕೆಲಸದ ಕ್ರಮವು ಹೇಳುವುದಕ್ಕೆ ಸರಳವಾದುದು. ಉತ್ತ ಹೊಲದಲ್ಲಿ ನಡೆಯಬೇಕು. ಹೆಂಚು, ಕಲ್ಲು, ಬೋಕಿಗಳು ಒತ್ತಾಗಿ ಬಿದ್ದಿರುವ ಎಡೆಯನ್ನು ಕಂಡರೆ ನಕಾಶೆಯಲ್ಲಿ ಗುರುತಿಸಬೇಕು. ಬೋಕಿಗಳಲ್ಲಿ ಲಕ್ಷಣವುಳ್ಳವನ್ನು ಆಯ್ದು ಚೀಲದಲ್ಲಿ ಹಾಕಿ ಚೀಲದ ಮೇಲೆ ನಿವೇಶನದ ಸಂಖ್ಯೆಯನ್ನು ಬರೆಯಬೇಕು. ಬಣ್ಣದ ಗಾರೆ, ಅಮೃತಶಿಲೆ, ಚಿತ್ರನೆಲಗಟ್ಟಿನ ಹರಳುಗಳು ಸಿಕ್ಕಿದರೆ ಅದು ಧನಿಕನ ಹೊಲಮನೆ. ಬರಿಯ ಹೆಂಚೂ ಅಡಿಗೆಯ ಮಡಕೆಯ ಚೂರುಗಳೂ ಸಿಕ್ಕಿದರೆ ಸಾಮಾನ್ಯ ಒಕ್ಕಲಿಗನ ಮನೆ. ಯುದ್ಧಕಾಲದಲ್ಲಿ ಬ್ರಿಟಿಷ್ ವಿಮಾನದಳವು ತೆಗೆದ ಇಟಲಿಯ ಛಾಯಾಚಿತ್ರಗಳೂ ಈ ಕಾರ್ಯದಲ್ಲಿ ನೆರವಾದುವು. ಶತ್ರುವಿನ ಸೇತುವೆಗಳನ್ನು ಹುಡುಕುವುದಕ್ಕಾಗಿ ತೆಗೆದ ಚಿತ್ರಗಳು ರೋಮನರ ಹಾದಿಗಳನ್ನು ತೋರಿಸಿಕೊಟ್ಟುವು.

ಕಾಲನಿರ್ಣಯಕ್ಕೆ ಬೋಕಿಯೇ ಕೀಲಿಕೈ. ಇತರ ವಸ್ತುಗಳಿಗಿಲ್ಲದ ಎರಡು ಗುಣಗಳು ಮಡಕೆಗೆ ಇವೆ: ಬೇಗ ಒಡೆಯುತ್ತದೆ, ಒಡೆದ ಮೇಲೆ ಕೊಳೆಯುವುದಿಲ್ಲ. ಕಪ್ಪಾಗಿ ಹೊಳೆಯುವ 'ಬುಕ್ಕೆರೊ' ಎಂಬುದು ಎಟ್ರಸ್ಕನರ ಕಾಲದ್ದು. ಕಪ್ಪು ಲೇಪದ ತಟ್ಟೆಗಳು ರೋಮನ್ ಗಣರಾಜ್ಯದ ಕಾಲದವು. ಅರೆಟ್ಸೊ ಮೊದಲಾದ ಊರುಗಳ ಕೆಂಪು ಹೊಳಪಿನ ಪಾತ್ರೆಗಳು ಆಗಸ್ಟಸನ ಕಾಲದವೂ ಅನಂತರದವೂ ಆಗಿವೆ. ಅವುಗಳ ತರುವಾಯ ಈಗಣ ಟುನೀಸಿಯದ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಆಫ್ರಿಕದ ಕೆಂಪು ಲೇಪದ ಪಾತ್ರೆಗಳು ಕ್ರಿ. ಶ. ಏಳನೆಯ ಶತಮಾನದವರೆಗೂ ನಡೆದುವು. ಈ ಕೊನೆಯ ಬಗೆಯ ಆಕಾರಭೇದಗಳನ್ನು ಜಾನ್ ಹೇಯ್ಸ್ ಎಂಬವರು ೧೯೭೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಕಾಲಾನುಕ್ರಮವಾಗಿ ವಿಂಗಡಿಸಿಕೊಟ್ಟ ಮೇಲೆ ಬೋಕಿಯೊಂದನ್ನು ಕೈಗೆತ್ತಿಕೊಂಡು ಅದರ ಶತಮಾನವನ್ನು ಹೇಳುವುದು ಎಷ್ಟೋ ಸುಲಭವಾಯಿತು.

ಹೀಗೆ ೧೯೫೦ರ ದಶಕದಿಂದ ೧೯೭೦ರ ದಶಕದ ವರೆಗೆ ಸುಮಾರು ೨೦೦೦ ನಿವೇಶನಗಳು ಗುರುತಿಸಲ್ಪಟ್ಟುವು. ಮಾರ್ಟಿನ್ ಫ್ರೆಡ್ರಿಕ್‌ಸನ್ನರು ಫಲಿಸ್ಕನರ ನಾಡಿನ ಹಾದಿಗಳನ್ನು ವಾರ್ಡ್-ಪರ್ಕಿನ್ಸರೊಡನೆ ವಿವರಿಸಿದರು. ಬ್ಯಾರಿ ಜೋನ್ಸರು ಕಾಪೇನ ಸೀಮೆಯನ್ನು ನಡೆದರು. ಆನ್ ಕಹಾನೆಯವರೂ ಲೆಸ್ಲಿ ಮರ್ರೆ ಥ್ರೈಪ್‌ಲ್ಯಾಂಡರೂ ವೇಯಿ ಪಟ್ಟಣದ ಸುತ್ತಣ ಹೊಲಗಳ ವಿವರಗಳನ್ನು ವಾರ್ಡ್-ಪರ್ಕಿನ್ಸರೊಡನೆ ೧೯೬೮ರಲ್ಲಿ ಪ್ರಕಟಿಸಿದರು. ಇವೆಲ್ಲವನ್ನೂ ಒಟ್ಟುಗೂಡಿಸಿ ಟಿಮೊತಿ ಪಾಟರರು ಬರೆದ ಸಂಗ್ರಹಗ್ರಂಥವು ೧೯೭೯ರಲ್ಲಿ ಹೊರಬಂದಿತು.

೪

ಈ ಶ್ರಮದಿಂದ ಕಂಡುಬಂದುದೇನು? ೧೯೬೨ರಲ್ಲಿ ವಾರ್ಡ್-ಪರ್ಕಿನ್ಸರು ಬರೆದ ಒಂದು ಲೇಖನದ ಹೆಸರೇ ಅದರ ಸಾರವನ್ನು ಹೇಳುತ್ತದೆ: ಎಟ್ರಸ್ಕನರ ಪಟ್ಟಣಗಳು, ರೋಮನರ ಹೆದ್ದಾರಿಗಳು, ಮಧ್ಯಯುಗದ ಹಳ್ಳಿಗಳು.

ಎಟ್ರಸ್ಕನರ ಕಾಲದಲ್ಲಿ ಜನರು ದಿಣ್ಣೆಯ ತುದಿಗಳಲ್ಲಿ ಪಟ್ಟಣಗಳನ್ನು ಕಟ್ಟಿಕೊಂಡಿದ್ದರು. ಹಾದಿಗಳು ನೆಲದ ಏರಿಳಿತಗಳನ್ನು ಅನುಸರಿಸಿ ಬಳಸಿಕೊಂಡು ಒಂದು ಪಟ್ಟಣದಿಂದ ಮತ್ತೊಂದಕ್ಕೆ ಹೋಗುತ್ತಿದ್ದುವು. ಟೂಫೊ ಕಲ್ಲಿನೊಳಗೆ ಆಳೆತ್ತರದ ಇಕ್ಕಟ್ಟಾದ ಸುರಂಗಗಳನ್ನು ಕೊರೆದು ಕಣಿವೆಗಳ ನೀರನ್ನು ಬಸಿದು ಹೊರಗೆ ಬಿಟ್ಟಿದ್ದರು. ರೋಮಿನಿಂದ ಸುಮಾರು ಹತ್ತು ಮೈಲಿ ದೂರದಲ್ಲಿದ್ದ ವೇಯಿ ಪಟ್ಟಣವು ಕ್ರಿ. ಪೂ. ೩೯೬ರಲ್ಲಿ ರೋಮನರ ಕೈಸೇರಿತೆಂಬುದು ಸಂಪ್ರದಾಯದಿಂದ ಬಂದ ಕಾಲ. ಲಿವಿಯ ಇತಿಹಾಸವನ್ನು ಓದಿದವರಿಗೆ ಆ ಸೀಮೆಯೆಲ್ಲ ಹಾಳಾಯಿತೆಂದು ತೋರುವುದು ಸಹಜ. ಆದರೆ ಬೋಕಿಗಳು ಬೇರೊಂದು ಸಂಗತಿಯನ್ನು ಹೇಳಿದುವು: ಪಟ್ಟಣವು ಬಿದ್ದರೂ ಸುತ್ತಣ ಹೊಲಮನೆಗಳಲ್ಲಿ ಅನೇಕವು ಮುಂದುವರಿದುವು. ಯಜಮಾನನು ಬದಲಾದನು, ಒಕ್ಕಲು ಉಳಿಯಿತು.

ರೋಮನರ ಹೆದ್ದಾರಿಗಳು ಈ ನೆಲದ ಅರ್ಥವನ್ನೇ ಬದಲಿಸಿದುವು. ಕಾಸ್ಸಿಯ, ಕ್ಲೋಡಿಯ, ಅಮೆರೀನ, ಫ್ಲಾಮಿನಿಯ ಎಂಬ ಮಾರ್ಗಗಳು ರೋಮಿನಿಂದ ಹೊರಟು, ದಿಣ್ಣೆಗಳನ್ನು ಕತ್ತರಿಸಿಕೊಂಡು ಕಮರಿಗಳಿಗೆ ಸೇತುವೆಗಳನ್ನು ಹಾಕಿಕೊಂಡು ಆದಷ್ಟು ನೇರವಾಗಿ ನಡೆದುವು. ಹಳೆಯ ಪಟ್ಟಣಗಳು ಬದಿಗೆ ಸರಿದುವು. ಫಲೇರಿಯಿ ಎಂಬ ಊರಿನ ಕಥೆಯು ಇದಕ್ಕೆ ಸ್ಪಷ್ಟವಾದ ನಿದರ್ಶನ. ಕ್ರಿ. ಪೂ. ೨೪೧ರಲ್ಲಿ ದಂಗೆಯೆದ್ದ ಈ ಊರನ್ನು ರೋಮನರು ಜಯಿಸಿ, ಜನರನ್ನು ಬಂಡೆಯ ಮೇಲಣ ನೆಲೆಯಿಂದ ಇಳಿಸಿ, ಸುಮಾರು ಮೂರು ಮೈಲಿ ದೂರದ ಸಮನೆಲದಲ್ಲಿ, ಅಮೆರೀನ ಮಾರ್ಗದ ಮೇಲೆ, ಹೊಸ ಫಲೇರಿಯಿಯನ್ನು ಕಟ್ಟಿಸಿಕೊಟ್ಟರು. ಶಾಂತಿಯಿದ್ದ ಕಾಲದಲ್ಲಿ ಆ ಹೊಸ ಊರು ಬೆಳೆಯಿತು. ಶಾಂತಿಯು ಹೋದ ಮೇಲೆ, ಮಧ್ಯಯುಗದಲ್ಲಿ, ವಸತಿಯು ತಿರುಗಿ ಹಳೆಯ ಬಂಡೆಗೇ ಏರಿತು. ಅಲ್ಲಿ ಈಗ ಚೀವಿತ ಕಾಸ್ತೆಲ್ಲಾನ ಎಂಬ ಪಟ್ಟಣವಿದೆ. ಸಮನೆಲದ ಫಲೇರಿಯಿಯಲ್ಲಿ ಕೋಟೆಯ ಗೋಡೆಗಳೂ ಒಂದು ಹಳೆಯ ಚರ್ಚೂ ಹೊಲಗಳ ನಡುವೆ ನಿಂತಿವೆ. ಒಂದೇ ಜನಪದವು ಭಯಕಾಲದಲ್ಲಿ ಬಂಡೆಯನ್ನೂ ನಿರ್ಭಯಕಾಲದಲ್ಲಿ ಬಯಲನ್ನೂ ಆಶ್ರಯಿಸಿತು. ದಕ್ಷಿಣ ಎಟ್ರೂರಿಯದ ಒಂದೂವರೆ ಸಾವಿರ ವರ್ಷಗಳ ಚರಿತ್ರೆಯು ಈ ಏರಿಳಿತದಲ್ಲಿ ಅಡಗಿದೆಯೆಂದು ವಾರ್ಡ್-ಪರ್ಕಿನ್ಸರು ಕಂಡರು.

ಕ್ರಿಸ್ತಶಕದ ಮೊದಲನೆಯ ಮತ್ತು ಎರಡನೆಯ ಶತಮಾನಗಳಲ್ಲಿ ಬಯಲು ಹೊಲಮನೆಗಳಿಂದ ತುಂಬಿತ್ತು. ಅನಂತರ ಬೋಕಿಗಳು ಕಡಮೆಯಾಗುತ್ತ ಬಂದುವು. ಐದಾರನೆಯ ಶತಮಾನಗಳ ಹೊತ್ತಿಗೆ ಬಹುಮಟ್ಟಿಗೆ ಬಯಲು ಬರಿದಾಯಿತು. ೫೬೮ರಲ್ಲಿ ಲೊಂಬಾರ್ಡರು ಇಟಲಿಯನ್ನು ಹೊಕ್ಕ ಮೇಲೆ ರೋಮಿಗೂ ರಾವೆನ್ನಕ್ಕೂ ನಡುವಣ ಸಂಪರ್ಕವು ಅಮೆರೀನ ಮಾರ್ಗದ ಇಕ್ಕಟ್ಟಾದ ಪಟ್ಟಿಯನ್ನು ನೆಚ್ಚಿಕೊಳ್ಳಬೇಕಾಯಿತು. ಸೂತ್ರಿ, ನೇಪಿ ಮೊದಲಾದ ಊರುಗಳು ಗಡಿಯ ಕೋಟೆಗಳಾದುವು. ಸೂತ್ರಿಯನ್ನು ಹಿಡಿದಿದ್ದ ಲೊಂಬಾರ್ಡರ ರಾಜ ಲ್ಯೂಟ್‌ಪ್ರಾಂಡನು ೭೨೮ರಲ್ಲಿ ಅದನ್ನು ಪೋಪರಿಗೆ ಬಿಟ್ಟುಕೊಟ್ಟನು. ಈ ಕಲಹಗಳ ಕಾಲದಲ್ಲಿಯೇ, ಎಂದರೆ ಆರನೆಯ ಶತಮಾನದಿಂದ ಎಂಟನೆಯದರ ಒಳಗೆ, ಜನರು ಬಯಲನ್ನು ಬಿಟ್ಟು ಬಂಡೆಯ ಮೇಲಣ ಹಳ್ಳಿಗಳಿಗೆ ಏರಿದರೆಂಬುದು ವಾರ್ಡ್-ಪರ್ಕಿನ್ಸರ ಸಿದ್ಧಾಂತ.

ಆದರೆ ಬಯಲು ಪೂರ್ತಿಯಾಗಿ ನಿರ್ಜನವಾಗಿರಲಿಲ್ಲವೆಂಬುದಕ್ಕೂ ಅವರೇ ಸಾಕ್ಷ್ಯವನ್ನೊದಗಿಸಿದರು. ಪೋಪ್ ಒಂದನೆಯ ಹೇಡ್ರಿಯನ್ನರು (೭೭೨–೭೯೫) ವೇಯಿಯ ಹತ್ತಿರ ತಮ್ಮ ವಂಶದ ಜಮೀನಿನಲ್ಲಿ ಕಪ್ರಕೋರುಂ ಎಂಬ ದೊಡ್ಡ ಕೃಷಿಕ್ಷೇತ್ರವನ್ನು ಏರ್ಪಡಿಸಿದರೆಂದು ಪೋಪರ ಚರಿತ್ರೆಯಲ್ಲಿ ಹೇಳಿದೆ. ಅಲ್ಲಿಯ ಗೋಧಿ, ಬಾರ್ಲಿ, ಅವರೆ, ದ್ರಾಕ್ಷಾರಸಗಳೂ ವರ್ಷಕ್ಕೆ ನೂರು ಹಂದಿಗಳೂ ರೋಮಿಗೆ ಹೋಗಿ, ಲ್ಯಾಟರನ್ ಅರಮನೆಯ ಬಳಿ ದಿನಕ್ಕೆ ನೂರು ಮಂದಿ ಬಡವರಿಗೆ ಅನ್ನವಾಗುತ್ತಿದ್ದುವು. ಒಂಬತ್ತನೆಯ ಶತಮಾನದಲ್ಲಿ ನಾಲ್ಕನೆಯ ಲಿಯೋ ಪೋಪರು ವ್ಯಾಟಿಕನ್ನಿನ ಸುತ್ತ ಕೋಟೆಯನ್ನು ಕಟ್ಟಿಸಿದಾಗ ಕಪ್ರಕೋರುಮಿನ ಜನರು ದುಡಿದುದಕ್ಕೆ ಆ ಗೋಡೆಯ ಶಾಸನವೊಂದು ಸಾಕ್ಷಿಯಾಗಿದೆ. ಈ ಕ್ಷೇತ್ರದ ಕೇಂದ್ರವು ಸಾಂತಾ ಕೊರ್ನೇಲಿಯ ಎಂಬೆಡೆಯಲ್ಲಿದ್ದಿತೆಂಬುದನ್ನು ೧೯೬೦ರಿಂದ ೧೯೬೪ರ ವರೆಗೆ ಅಲ್ಲಿ ನಡೆದ ಉತ್ಖನನವು ತೋರಿಸಿಕೊಟ್ಟಿತು. ಗ್ರಂಥ, ಶಾಸನ, ನೆಲ ಈ ಮೂರೂ ಒಂದೇ ಮಾತನ್ನಾಡಿದ ಪ್ರಸಂಗವಿದು, ಇಂಥದು ಅಪರೂಪ.

೫

ಈ ಸಿದ್ಧಾಂತದ ಸೌಧಕ್ಕೆ ಆಧಾರವಾಗಿದ್ದುದು ಬೋಕಿಗಳ ಕಾಲನಿರ್ಣಯ. ಆ ನಿರ್ಣಯದಲ್ಲಿ ದೋಷವಿದ್ದರೆ ಸೌಧವು ಅಲುಗಬೇಕಾದುದೇ. ಎರಡು ಕಡೆಗಳಲ್ಲಿ ದೋಷವು ಹೊರಬಿದ್ದಿತು.

ಮೊದಲನೆಯದು ಮಧ್ಯಯುಗದ ಆರಂಭದ ಪಾತ್ರೆಗೆ ಸಂಬಂಧಿಸಿದುದು. ರೋಮಿನ ಫೋರಮ್ಮಿನಲ್ಲಿ ಮೊದಲು ದೊರೆತುದರಿಂದ 'ಫೋರಂ ಪಾತ್ರೆ' ಎಂದು ಹೆಸರಾದ, ಹಸುರು ಛಾಯೆಯ ಗಾಜುಲೇಪವುಳ್ಳ ಹೂಜಿಗಳ ಚೂರುಗಳು ಪರಿಶೋಧನೆಯಲ್ಲಿ ಅಲ್ಲಲ್ಲಿ ಸಿಕ್ಕಿದುವು. ಇವು ಸುಮಾರು ಕ್ರಿ. ಶ. ೬೦೦ರಿಂದ ಮೊದಲಾಗುತ್ತವೆಂದು ೧೯೬೦ರ ದಶಕದಲ್ಲಿ ಡೇವಿಡ್ ವೈಟ್‌ಹೌಸರು ಪ್ರತಿಪಾದಿಸಿದರು. ಆದುದರಿಂದ ಈ ಚೂರು ಸಿಕ್ಕಿದ ನಿವೇಶನಗಳು ಏಳನೆಯ ಶತಮಾನದಲ್ಲಿಯೂ ಜನವಸತಿಯನ್ನು ಪಡೆದಿದ್ದುವೆಂದು ಎಣಿಸಲ್ಪಟ್ಟುವು. ಆಫ್ರಿಕದ ಪಾತ್ರೆ ನಿಲ್ಲುವಲ್ಲಿ ಫೋರಂ ಪಾತ್ರೆ ತೊಡಗಿ, ಎರಡರ ನಡುವೆ ಬಿರುಕಿಲ್ಲದಂತೆ ಕಂಡಿತು. ವಾರ್ಡ್-ಪರ್ಕಿನ್ಸರು ತೀರಿಕೊಂಡ ೧೯೮೧ರಲ್ಲಿಯೇ ರೋಮ್ ನಗರದ ನಡುವೆ ಕ್ರಿಪ್ತ ಬಾಲ್ಬಿ ಎಂಬೆಡೆಯಲ್ಲಿ ಉತ್ಖನನವು ಆರಂಭವಾಯಿತು. ಅಲ್ಲಿ ಏಳನೆಯ ಶತಮಾನದ ಕಸದ ರಾಶಿಯೊಂದು ಕೆಡದೆ ಉಳಿದಿದ್ದಿತು. ಅದರಲ್ಲಿ ಆಫ್ರಿಕದ ಕೆಂಪು ಪಾತ್ರೆಗಳಿದ್ದುವು. ಫೋರಂ ಪಾತ್ರೆ ಇರಲಿಲ್ಲ. ಅದು ಕಾಣಿಸಿಕೊಳ್ಳುವುದು ಎಂಟನೆಯ ಶತಮಾನದ ಕೊನೆಯ ಪದರಗಳಿಂದ ಎಂಬುದು ಖಚಿತವಾಯಿತು. ಹೀಗೆ ಒಂದು ಪಾತ್ರೆಯ ಕಾಲವು ಸುಮಾರು ಎರಡು ಶತಮಾನ ಈಚೆಗೆ ಸರಿದುದರಿಂದ ನಕಾಶೆಯ ಮೇಲಿನ ಚುಕ್ಕೆಗಳೂ ಸರಿದುವು. ಬಿರುಕಿಲ್ಲವೆಂದು ತೋರಿದೆಡೆಯಲ್ಲಿ ನೂರೈವತ್ತು ವರ್ಷಗಳಷ್ಟು ಮೌನವು ತೆರೆದುಕೊಂಡಿತು.

ಎರಡನೆಯದು ಇನ್ನೂ ಸೂಕ್ಷ್ಮವಾದುದು. ಆಫ್ರಿಕದ ಪಾತ್ರೆಯು ಸಿಕ್ಕದಿದ್ದರೆ ಆ ಕಾಲದಲ್ಲಿ ಅಲ್ಲಿ ಜನರಿರಲಿಲ್ಲವೆಂದು ಎಣಿಸುವುದು ರೂಢಿಯಾಗಿತ್ತು. ಆದರೆ ಸಮುದ್ರದಾಚೆಯ ತಟ್ಟೆಯನ್ನು ಕೊಳ್ಳಲಾರದ ಬಡವನು ಊರ ಕುಂಬಾರನ ಮಡಕೆಯಲ್ಲಿಯೇ ಉಂಡು ಬಾಳಿರಬಹುದಷ್ಟೆ! ಊರ ಮಡಕೆಯ ಕಾಲವನ್ನು ಹೇಳುವುದು ಆಗ ಯಾರಿಗೂ ಸಾಧ್ಯವಿರಲಿಲ್ಲ. ಜನರು ಇಲ್ಲದಿರುವುದು ಬೇರೆ, ಜನರನ್ನು ಕಾಣಿಸುವ ಸಾಧನವು ಇಲ್ಲದಿರುವುದು ಬೇರೆ. ಈ ಭೇದವನ್ನು ಮರೆತರೆ ಬಡತನವು ನಿರ್ಜನತೆಯಾಗಿ ತೋರುತ್ತದೆ.

ಇದೇ ಸಮಯದಲ್ಲಿ ಲಿಖಿತಾಧಾರಗಳ ಕಡೆಯಿಂದಲೂ ಆಕ್ಷೇಪವು ಬಂದಿತು. ಫ್ರಾನ್ಸಿನ ವಿದ್ವಾಂಸ ಪಿಯೆರ್ ತೂಬೇರರು ಮಠಗಳ ದಾನಪತ್ರಗಳನ್ನು ಪರಿಶೀಲಿಸಿ ೧೯೭೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೋಟೆಹಳ್ಳಿಗಳು ಹತ್ತು ಹನ್ನೊಂದನೆಯ ಶತಮಾನಗಳಲ್ಲಿ ಪ್ರಭುಗಳ ಸಂಕಲ್ಪದಿಂದ ಹುಟ್ಟಿದುವೆಂದು ತೋರಿಸಿದರು. ಹಾಗಾದರೆ ಜನರನ್ನು ಬಂಡೆಗೆ ಏರಿಸಿದುದು ಲೊಂಬಾರ್ಡರ ಭಯವೋ ಮುನ್ನೂರು ವರ್ಷಗಳ ತರುವಾಯದ ಪ್ರಭುಗಳ ಆಜ್ಞೆಯೋ? ಕೆಲವು ಬಂಡೆಗಳ ಮೇಲೆ ಮೊದಲೇ ವಸತಿಯಿದ್ದಿತು, ಹಲವು ತಡವಾಗಿ ಕಟ್ಟಲ್ಪಟ್ಟುವು. ಪ್ರತಿಯೊಂದು ಊರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕು. ಇಡಿಯ ಸೀಮೆಗೆ ಒಂದೇ ಉತ್ತರವು ಸಲ್ಲದು.

೬

ಇಲ್ಲಿಗೆ ಈ ಕಥೆಯು ಮುಗಿದಿದ್ದರೆ, ಒಬ್ಬ ವಿದ್ವಾಂಸನ ಸಿದ್ಧಾಂತವನ್ನು ಮತ್ತೊಬ್ಬನು ತಳ್ಳಿಹಾಕಿದನೆಂಬ ಸಾಮಾನ್ಯ ವಾರ್ತೆಯಾಗುತ್ತಿತ್ತು. ಮುಂದೆ ನಡೆದುದೇ ವಿಶೇಷ. ಹೊಲಗಳಿಂದ ಆಯ್ದು ತಂದ ಬೋಕಿಗಳು ನಿವೇಶನದ ಸಂಖ್ಯೆಯೊಡನೆ ಚೀಲಗಳಲ್ಲಿ ವಿದ್ಯಾಪೀಠದ ಉಗ್ರಾಣವನ್ನು ಸೇರಿದ್ದುವು. ಆಗ ಅರ್ಥವಾಗದಿದ್ದ ಊರ ಮಡಕೆಯ ಚೂರುಗಳೂ ಅವುಗಳೊಡನೆ ಇದ್ದುವು. ೧೯೯೭ರಲ್ಲಿ ಬ್ರಿಟಿಷ್ ವಿದ್ಯಾಪೀಠವು ಟೈಬರ್ ಕಣಿವೆಯ ಸಂಶೋಧನೆಯೆಂಬ ಹೊಸ ಕಾರ್ಯವನ್ನು ಕೈಕೊಂಡಾಗ ಹೆಲೆನ್ ಪ್ಯಾಟರ್ಸನ್ನರೂ ಅವರ ಸಹೋದ್ಯೋಗಿಗಳೂ ಆ ಚೀಲಗಳನ್ನು ಮತ್ತೆ ಬಿಚ್ಚಿದರು. ಕ್ರಿಪ್ತ ಬಾಲ್ಬಿ ಮುಂತಾದ ಉತ್ಖನನಗಳಿಂದ ತಿಳಿದುಬಂದ ಹೊಸ ಕಾಲಾನುಕ್ರಮವನ್ನು ಹಿಡಿದುಕೊಂಡು ಹಳೆಯ ಬೋಕಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು; ಊರ ಮಡಕೆಗೂ ಈಗ ಕಾಲವನ್ನು ಹೇಳುವುದು ಬಹುಮಟ್ಟಿಗೆ ಸಾಧ್ಯವಾಗಿತ್ತು. ಅನೇಕ ನಿವೇಶನಗಳ ಕಾಲವು ತಿದ್ದುಪಡಿಯಾಯಿತು. ಮೂರನೆಯ ಶತಮಾನದಿಂದೀಚಿನ ಇಳಿತವು ನಿಜವೆಂದೇ ಸ್ಥಿರಪಟ್ಟಿತು. ಆದರೆ ಅದು ಇಳಿದ ಮೆಟ್ಟಿಲುಗಳು ಸ್ಪಷ್ಟವಾದುವು. ಈ ಕಾರ್ಯದ ಫಲಗಳನ್ನೆಲ್ಲ ಒಳಗೊಂಡ ಗ್ರಂಥವು ೨೦೨೦ರಲ್ಲಿ ಪ್ರಕಟವಾಯಿತು.

ಇಷ್ಟು ಹೊತ್ತಿಗೆ ರೋಮ್ ನಗರವು ಕಾಸ್ಸಿಯ ಮಾರ್ಗದ ಉದ್ದಕ್ಕೂ ಬೆಳೆದಿತ್ತು. ೧೯೫೦ರ ದಶಕದಲ್ಲಿ ಉತ್ತ ಹೊಲಗಳಾಗಿದ್ದ ಎಡೆಗಳಲ್ಲಿ ಹಲವು ಮನೆಗಳ ಕೆಳಗೆ ಹೋದುವು. ಉಳಿದವುಗಳಲ್ಲಿ ಅನೇಕವನ್ನು ನೇಗಿಲು ಅಳಿಸಿಹಾಕಿತು. ಪುನಃ ನಡೆದು ನೋಡೋಣವೆಂದರೆ ಆ ನೆಲವಿಲ್ಲ. ಅಲ್ಲಿಯ ಒಕ್ಕಲುಗಳಿಗೆ ಈಗ ಉಳಿದಿರುವ ದಾಖಲೆಯೆಂದರೆ ಆ ಚೀಲಗಳೂ ನಕಾಶೆಯ ಚುಕ್ಕೆಗಳೂ ಮಾತ್ರ.

೭

ಕನ್ನಡನಾಡಿನ ಪುರಾತತ್ತ್ವಕ್ಕೂ ಈ ಪರಂಪರೆಗೂ ಒಂದು ಸಂಬಂಧವುಂಟು. ವಾರ್ಡ್-ಪರ್ಕಿನ್ಸರಿಗೆ ಲಂಡನ್ನಿನಲ್ಲಿ ಹಿರಿಯರಾಗಿದ್ದ ಮಾರ್ಟಿಮರ್ ವೀಲರರೇ ೧೯೪೪ರಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿ ಬಂದರು. ೧೯೪೫ರಲ್ಲಿ ಅವರು ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ಅಗೆಸಿದಾಗ ಇಟಲಿಯ ಅರೆಟ್ಸೊ ಬಗೆಯ ಕೆಂಪು ಪಾತ್ರೆಯ ಚೂರುಗಳು ದೊರೆತುವು. ದಕ್ಷಿಣ ಎಟ್ರೂರಿಯದ ಹೊಲಗಳಲ್ಲಿ ಕಾಲವನ್ನು ಹೇಳಿದ ಬೋಕಿಯ ಒಡಹುಟ್ಟು ಅದು. ಅದರ ಕಾಲವು ತಿಳಿದಿದ್ದುದರಿಂದ, ಅದರೊಡನೆ ಸಿಕ್ಕಿದ ಚಕ್ರರೇಖೆಗಳ ಅಲಂಕಾರವುಳ್ಳ ದೇಶೀಯ ತಟ್ಟೆಗಳಿಗೂ ಕಾಲವನ್ನು ಕಟ್ಟಲಾಯಿತು. ೧೯೪೭ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿಯೂ ಚಂದ್ರವಳ್ಳಿಯಲ್ಲಿಯೂ ವೀಲರರು ಉತ್ಖನನ ಮಾಡಿದಾಗ, ಅಲ್ಲಿ ದೊರೆತ ಇಂಥ ತಟ್ಟೆಗಳನ್ನು ಆಧಾರವಾ ಗಿಟ್ಟುಕೊಂಡು ಮೇಲಣ ಪದರವನ್ನು ಕ್ರಿಸ್ತಶಕದ ಮೊದಲನೆಯ ಶತಮಾನದಿಂದೀಚಿನದೆಂದು ನಿರ್ಣಯಿಸಿ, ಅದರ ಕೆಳಗಣ ಬೃಹತ್‌ಶಿಲಾ ಸಮಾಧಿಗಳ ಕಾಲವನ್ನೂ ಅದಕ್ಕೂ ಕೆಳಗಣ ಕಲ್ಗೊಡಲಿಯ ಕಾಲವನ್ನೂ ಲೆಕ್ಕಹಾಕಿದರು.

ಇಲ್ಲಿಯೂ ಅದೇ ಕಥೆ ನಡೆಯಿತು. ಆ ಚಕ್ರರೇಖೆಯ ತಟ್ಟೆಗಳು ರೋಮನ್ ವ್ಯಾಪಾರಕ್ಕೆ ಮುಂಚಿನಿಂದಲೇ ಬಳಕೆಯಲ್ಲಿದ್ದುವೆಂದು ವಿಮಲಾ ಬೆಗ್ಲಿಯವರು ೧೯೮೩ರಲ್ಲಿ ತೋರಿಸಿದರು. ಇಂಗಾಲದ ವಿಕಿರಣದಿಂದ ಕಾಲವನ್ನು ಗುಣಿಸುವ ಕ್ರಮವು ಬಂದ ಮೇಲೆ ಕರ್ಣಾಟಕದ ಕಬ್ಬಿಣದ ಯುಗವೂ ಕಲ್ಗೊಡಲಿಯ ಯುಗವೂ ವೀಲರರು ಹೇಳಿದುದಕ್ಕಿಂತ ಬಹಳ ಹಿಂದಕ್ಕೆ ಹೋದುವು. ಆದರೂ ಬ್ರಹ್ಮಗಿರಿಯ ಉತ್ಖನನವು ವ್ಯರ್ಥವಾಗಲಿಲ್ಲ. ಪದರಗಳು ಒಂದರ ಮೇಲೊಂದು ಇದ್ದ ಕ್ರಮವನ್ನು ಅವರು ಬರೆದಿಟ್ಟಿದ್ದರು. ಕಾಲವು ಬದಲಾದರೂ ಕ್ರಮವು ಬದಲಾಗಲಿಲ್ಲ.

ಸಂಶೋಧನೆಯಲ್ಲಿ ಎರಡು ಅಂಶಗಳುಂಟು: ಕಂಡುದನ್ನು ಕಂಡಂತೆ ಸಂಗ್ರಹಿಸುವುದು ಒಂದು, ಅದಕ್ಕೆ ಅರ್ಥವನ್ನು ಹೇಳುವುದು ಇನ್ನೊಂದು. ಅರ್ಥವು ತನ್ನ ಕಾಲದ ಜ್ಞಾನಕ್ಕೆ ಕಟ್ಟುಬಿದ್ದುದು. ಸಂಗ್ರಹವು ಮುಂದಣ ಕಾಲಕ್ಕೂ ಸಲ್ಲುವುದು. ಹಸ್ತಪ್ರತಿಗಳನ್ನು ಪರಿಷ್ಕರಿಸುವವರಿಗೆ ಈ ಮಾತು ಹೊಸದಲ್ಲ. ತನಗೆ ಅರ್ಥವಾಗದ ಪಾಠವನ್ನು ತಿದ್ದದೆ ಅಡಿಟಿಪ್ಪಣಿಯಲ್ಲಿ ಉಳಿಸಿದ ಸಂಪಾದಕನೇ ಮುಂದಿನವನಿಗೆ ಉಪಕಾರಿ. ಅರ್ಥವಾಗದ ಬೋಕಿಯನ್ನು ಎಸೆಯದೆ ಸಂಖ್ಯೆಯನ್ನು ಬರೆದು ಕಾಪಿಟ್ಟವರ ಉಪಕಾರವೂ ಅಂಥದೇ. ವಾರ್ಡ್-ಪರ್ಕಿನ್ಸರ ಇಪ್ಪತ್ತೆಂಟು ವರ್ಷಗಳ ನಿರ್ದೇಶಕತ್ವದಲ್ಲಿ ರಚಿತವಾದ ಸಿದ್ಧಾಂತಗಳಲ್ಲಿ ಕೆಲವನ್ನು ಇಂದು ಯಾರೂ ಒಪ್ಪುವುದಿಲ್ಲ. ಅವು ತಪ್ಪೆಂದು ತೋರಿಸುವುದಕ್ಕೆ ಬೇಕಾದ ಸಾಧನವನ್ನು ಒದಗಿಸಿದವರೂ ಅವರೇ. ಹೆಸರಿಲ್ಲದ ಎಷ್ಟೋ ಒಕ್ಕಲುಮನೆಗಳು ರೋಮಿನ ಇತಿಹಾಸದಲ್ಲಿ ಇಂದು ಎಡೆಪಡೆದಿರುವುದು ಆ ಚೀಲಗಳ ದೆಸೆಯಿಂದ.